ಅಲುಗದಿದ್ದರೆ ಹತ್ತುವ ವಸಡಿನ ಕಸಿ

ವಸಡು ಇಳಿದು ಹಲ್ಲಿನ ಬೇರು ಕಾಣುತ್ತಿದೆ ಎಂದು ವಿಜಯಪುರದ ನನ್ನ ಚಿಕಿತ್ಸಾಲಯಕ್ಕೆ ಬರುವವರಲ್ಲಿ ಹೆಚ್ಚಿನವರು ಬೆರಳಿಟ್ಟು ತೋರಿಸುವುದು ಕೆಳಸಾಲಿನ ಮುಂದಿನ ಹಲ್ಲುಗಳನ್ನು. ಅಲ್ಲಿ ಎಲುಬೂ ತೆಳು, ವಸಡೂ ತೆಳು. ಜೊಲ್ಲುಗ್ರಂಥಿಯ ನಾಳಗಳು ಆ ಹಲ್ಲುಗಳ ಹಿಂದೆಯೇ ತೆರೆಯುವುದರಿಂದ ಪಾಚಿ ಬೇಗ ಕಲ್ಲುಗಟ್ಟುತ್ತದೆ. ಕೆಲವರಿಗೆ ತುಟಿಯ ಒಳಗಿನ ನಾರು ವಸಡಿನ ಅಂಚಿಗೇ ಅಂಟಿಕೊಂಡಿರುತ್ತದೆ. ತುಟಿ ಎಳೆದು ನೋಡುತ್ತೇನೆ; ಅಂಚು ಬಿಳಿಚಿ ಅಲುಗಿದರೆ ಹಲ್ಲು ಶುಚಿಗೊಳಿಸಿದರಷ್ಟೇ ಸಾಲದು; ಅಂಗುಳದಿಂದ ತೆಳು ಪಟ್ಟಿಯೊಂದನ್ನು ತೆಗೆದು ಅಲ್ಲಿಗೆ ಹೊಲಿಯುವ ಕಸಿ ಬೇಕಾಗುತ್ತದೆ.

ತಿಕೋಟಾ ಕಡೆಯ ದ್ರಾಕ್ಷಿ ಬೆಳೆಗಾರರೊಬ್ಬರದು ಇದೇ ತೊಂದರೆ. ಮೊದಲು ಪಾಚಿ ತೆಗೆದು, ಗಟ್ಟಿ ಬ್ರಷ್ಷನ್ನೂ ತಂಬಾಕನ್ನೂ ಬಿಡಿಸಿದೆ. ತಂಬಾಕು ಬಿಡದವರಿಗೆ ನಾನು ಈ ಶಸ್ತ್ರಚಿಕಿತ್ಸೆ ಮಾಡುವುದಿಲ್ಲ. ರಕ್ತದ ಹರಿವು ಕುಗ್ಗಿದ ಜಾಗದಲ್ಲಿ ಕಸಿ ಬದುಕುವುದು ಕಷ್ಟ.

ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟು ನಾರನ್ನು ಬಿಡಿಸಿದೆ. ಎಲುಬಿನ ಮೇಲಿನ ಪೊರೆಯನ್ನು ಹಾಗೆಯೇ ಉಳಿಸಿ ಜಾಗ ಸಿದ್ಧಪಡಿಸಿದೆ. ಅಂಗುಳದ ದೊಡ್ಡ ರಕ್ತನಾಳದಿಂದ ದೂರವಿದ್ದು ಸುಮಾರು 1.5 ಮಿ.ಮೀ. ದಪ್ಪದ ಪಟ್ಟಿಯೊಂದನ್ನು ತೆಗೆದು ಅಲ್ಲಿಗೆ ಹೊಲಿದೆ. 1960ರ ದಶಕದಿಂದ ನಡೆದುಬಂದ ವಿಧಾನವಿದು. ಹೊಲಿದ ಮೇಲೆ ಒದ್ದೆ ಅರಿವೆಯಿಂದ ಕೆಲವು ನಿಮಿಷ ಒತ್ತಿ ಹಿಡಿಯುವುದನ್ನು ನಾನು ಎಂದೂ ಅವಸರದಲ್ಲಿ ಮುಗಿಸುವುದಿಲ್ಲ. ಕೆಳಗೆ ರಕ್ತ ಹೆಪ್ಪುಗಟ್ಟಿ ನಿಂತರೆ ಪಟ್ಟಿಗೆ ಆಹಾರ ಸಿಗದು. ಮೊದಲ ಎರಡು ಮೂರು ದಿನ ಅದು ಕೆಳಗಿನಿಂದ ಜಿನುಗುವ ದ್ರವದ ಮೇಲೆಯೇ ಜೀವ ಹಿಡಿದಿರುತ್ತದೆ. ಆಮೇಲೆ ಹೊಸ ರಕ್ತನಾಳಗಳು ಒಳಹೊಗುತ್ತವೆ. ಅಷ್ಟರಲ್ಲಿ ಅಲುಗಿದರೆ ಕೆಟ್ಟಿತು.

ಇದನ್ನು ಹೇಳಿದಾಗ ಅವರು, "ತಿಳಿಯಿತು ಡಾಕ್ಟರೇ, ದ್ರಾಕ್ಷಿ ಕಸಿಯೂ ಕಟ್ಟಿದ ಮೇಲೆ ಅಲುಗಿದರೆ ಹತ್ತುವುದಿಲ್ಲ" ಎಂದರು. ಕಡಕ್ ರೊಟ್ಟಿ ಬಿಟ್ಟು ಆರಿದ ನುಚ್ಚು, ಮಜ್ಜಿಗೆಯಲ್ಲೇ ದಿನ ಕಳೆದರು. ತುಟಿ ಎಳೆದು ಯಾರಿಗೂ ತೋರಿಸಲಿಲ್ಲ. ನೋವು ವಸಡಿಗಿಂತ ಅಂಗುಳದಲ್ಲೇ ಹೆಚ್ಚು. ಅದನ್ನು ಮೊದಲೇ ಹೇಳಿದ್ದರಿಂದ ಅವರು ಗಾಬರಿಯಾಗಲಿಲ್ಲ.

ಪಟ್ಟಿ ಮೊದಲು ಬಿಳಿಚಿ, ಮೇಲ್ಪದರ ಸುಲಿದು, ನಂತರ ಗುಲಾಬಿ ಬಣ್ಣಕ್ಕೆ ತಿರುಗಿತು. ಹಲ್ಲುಗಳ ನಡುವಿನ ವಸಡು ಆಗಲೇ ಸವೆದಿದ್ದುದರಿಂದ ಬೇರು ಪೂರ್ತಿ ಮುಚ್ಚುವುದಿಲ್ಲ ಎಂದು ಮುಂಚೆಯೇ ತಿಳಿಸಿದ್ದೆ. ಇಲ್ಲಿ ನನ್ನ ಮುಖ್ಯ ಗುರಿ ದಪ್ಪನೆಯ, ಎಳೆತ ತಾಳುವ ವಸಡು, ಅದು ಸಿಕ್ಕಿತು. ಅಂಚು ತಿಂಗಳುಗಳಲ್ಲಿ ತುಸು ಮೇಲೇರಿದ್ದು ಹೆಚ್ಚಿನ ಲಾಭ. ಕಸಿಯ ಬಣ್ಣ ಸುತ್ತಲಿನದಕ್ಕಿಂತ ತಿಳಿಯಾಗಿಯೇ ಉಳಿಯುತ್ತದೆ. ಕೆಳಸಾಲಿನಲ್ಲಿ ತುಟಿ ಅದನ್ನು ಮರೆಮಾಡುತ್ತದೆ. ಮೇಲ್ಸಾಲಿನ ಮುಂದಿನ ಹಲ್ಲಾಗಿದ್ದರೆ ಅಂಗುಳದ ಒಳಪದರವನ್ನಷ್ಟೇ ತೆಗೆದು ವಸಡಿನಡಿ ಸೇರಿಸುವ ವಿಧಾನವನ್ನು ಆರಿಸುತ್ತಿದ್ದೆ.