ಬಾತುಕೋಳಿಗೆ ಮೊದಲು ಒಣ ನೆಲ, ಆಮೇಲೆ ನೀರು

ಬಾತುಕೋಳಿ ಸಾಕಲು ಹೊರಟವರು ಮೊದಲು ಕೆರೆಯ ಬಗ್ಗೆ ಯೋಚಿಸುತ್ತಾರೆ. ಕಾಸರಗೋಡಿನ ಕಡೆ ಅದಕ್ಕೇನೂ ಹುಡುಕಾಟ ಬೇಕಿಲ್ಲ. ತೋಡು, ಮದಕ, ಅಡಿಕೆ ತೋಟದ ಕಣಿ, ಏನಾದರೊಂದು ಮನೆ ಹತ್ತಿರ ಇದ್ದೇ ಇರುತ್ತದೆ. ಇಲ್ಲಿ ಕಷ್ಟವಾಗುವುದು ಒಣ ನೆಲಕ್ಕೆ. ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಬೀಳುವ ಊರು, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೇ ಸುರಿದು ಮುಗಿಯುತ್ತದೆ. ಹಗಲಿಡೀ ನೀರಲ್ಲಿರುವ ಹಕ್ಕಿಗೂ ರಾತ್ರಿ ಕಾಲಡಿ ಒಣಗಿರಲೇಬೇಕು. ಹಾಗಾಗಿ ಮೊದಲು ಗೂಡು, ನಂತರ ತೊಟ್ಟಿ, ಮರಿ ತರುವುದು ಎಲ್ಲಕ್ಕಿಂತ ಕೊನೆಗೆ.

ಎಷ್ಟು, ಯಾವುದು

ಒಂದೇ ಬಾತು ಸಾಕುವ ಆಸೆ ಬೇಡ. ಒಂಟಿ ಹಕ್ಕಿ ದಿನವಿಡೀ ಕೂಗುತ್ತದೆ, ಮೇವು ಬಿಡುತ್ತದೆ. ಕನಿಷ್ಠ ಮೂರು ಇರಲಿ. ಗಂಡು ಬೇಕೆಂದರೆ ಒಂದು ಗಂಡಿಗೆ ನಾಲ್ಕೈದು ಹೆಣ್ಣು. ಎರಡು ಹೆಣ್ಣಿಗೆ ಎರಡು ಗಂಡು ಬಿಟ್ಟರೆ ಹೆಣ್ಣುಗಳ ಕುತ್ತಿಗೆಯ ಗರಿ ಕಿತ್ತು ಗಾಯವಾಗುತ್ತದೆ. ಮರಿಯಲ್ಲಿ ಗಂಡು ಹೆಣ್ಣು ತಿಳಿಯುವುದು ಸುಲಭವಲ್ಲ. ಎರಡು ತಿಂಗಳಾಗುವಾಗ ದನಿ ಹೇಳುತ್ತದೆ: ಗಟ್ಟಿಯಾಗಿ ಕ್ವಾಕ್ ಕ್ವಾಕ್ ಎನ್ನುವುದು ಹೆಣ್ಣು, ಗಂಟಲು ಕಟ್ಟಿದಂತೆ ಪಿಸುಗುಡುವುದು ಗಂಡು. ಮುಂದೆ ಗಂಡಿನ ಬಾಲದ ಮೇಲಿನ ಗರಿ ಸುರುಳಿ ಸುತ್ತುತ್ತದೆ.

ಮೊಟ್ಟೆ ಮುಖ್ಯವಾದರೆ ಖಾಕಿ ಕ್ಯಾಂಪ್‌ಬೆಲ್ ತಳಿ, ವರ್ಷಕ್ಕೆ 250ಕ್ಕೂ ಹೆಚ್ಚು ಇಡಬಲ್ಲದು. ಬಿಳಿ ಪೆಕಿನ್ ನೋಡಲು ಚೆಂದ, ಮೈ ಭಾರ, ಬಾಯಿ ಜೋರು. ಕೇರಳದ ನಾಟಿ ಬಾತುಗಳಾದ ಚಾರ, ಚೆಂಬಲ್ಲಿ ನಮ್ಮ ಹವೆಗೆ ಒಗ್ಗಿದವು. ಪಕ್ಕದ ಮನೆ ಹತ್ತಿರವಿದ್ದರೆ ಮಣಿತಾರಾವು, ಅಂದರೆ ಮಸ್ಕೊವಿಯೇ ಒಳ್ಳೆಯದು. ಅದು ಕೂಗುವುದಿಲ್ಲ, ಬುಸುಗುಡುತ್ತದೆ ಅಷ್ಟೆ. ಆದರೆ ಅದರ ಹೆಣ್ಣು ಚೆನ್ನಾಗಿ ಹಾರುತ್ತದೆ, ಒಂದು ಬದಿಯ ರೆಕ್ಕೆಯ ಉದ್ದ ಗರಿಗಳನ್ನು ಕತ್ತರಿಸಬೇಕಾಗುತ್ತದೆ. ಮರಿಗಳನ್ನು ತಿರುವಲ್ಲ ಬಳಿಯ ನಿರಣಂ ಸರ್ಕಾರಿ ಬಾತು ಫಾರ್ಮ್, ಬೆಂಗಳೂರಿನ ಹೆಸರಘಟ್ಟದ ಕೇಂದ್ರದಂಥ ಕಡೆ ವಿಚಾರಿಸಿ ತರುವುದು ಮೇಲು. ರಸ್ತೆ ಬದಿ ಬುಟ್ಟಿಯಲ್ಲಿಟ್ಟು ಮಾರುವ ಮರಿಗೆ ವಯಸ್ಸೂ ಗೊತ್ತಿಲ್ಲ, ಲಸಿಕೆಯೂ ಗೊತ್ತಿಲ್ಲ.

ಗೂಡು

ನಾಲ್ಕು ಬಾತಿಗೆ 5 ಅಡಿ ಉದ್ದ, 4 ಅಡಿ ಅಗಲದ ಗೂಡು ಸಾಕು. ಮಸ್ಕೊವಿ ಬಿಟ್ಟರೆ ಉಳಿದವು ಕೋಳಿಯ ಹಾಗೆ ಅಟ್ಟ ಏರಿ ಕೂರುವುದಿಲ್ಲ, ನೆಲದಲ್ಲೇ ಮಲಗುತ್ತವೆ. ಆದ್ದರಿಂದ ಎತ್ತರಕ್ಕಿಂತ ನೆಲ ಮುಖ್ಯ. ಅಂಗಳದ ಮಟ್ಟದಿಂದ ಒಂದಡಿ ಎತ್ತರಿಸಿ, ಬಾಗಿಲ ಕಡೆಗೆ ಸ್ವಲ್ಪ ಇಳಿಜಾರು ಕೊಟ್ಟು ಸಿಮೆಂಟು ಸಾರಿಸಿ. ಮುರಕಲ್ಲನ್ನು ಹಾಗೇ ಬಿಡಬೇಡಿ. ಅದರ ಒರಟು ಮೈಗೆ ಅಂಗಾಲು ಉಜ್ಜಿ ಸಣ್ಣ ಗಾಯವಾಗುತ್ತದೆ, ಅದರೊಳಗೆ ಕೊಳೆ ಸೇರಿ ಕಪ್ಪು ಹಕ್ಕಳೆಯ ಗಂಟು ಬೆಳೆಯುತ್ತದೆ, ಹಕ್ಕಿ ಕುಂಟುತ್ತದೆ. ವಾರಕ್ಕೊಮ್ಮೆ ಎತ್ತಿ ಅಂಗಾಲು ನೋಡಿದರೆ ಶುರುವಿನಲ್ಲೇ ಗೊತ್ತಾಗುತ್ತದೆ. ಆಗ ಉಗುರುಬೆಚ್ಚಗಿನ ಉಪ್ಪುನೀರಲ್ಲಿ ತೊಳೆದು, ಪೊವಿಡೋನ್ ಅಯೋಡಿನ್ ಹಚ್ಚಿ, ಮೆತ್ತಗಿನ ಹಾಸಿನ ಮೇಲೆ ಬಿಟ್ಟರೆ ಬಹಳಷ್ಟು ವಾಸಿಯಾಗುತ್ತದೆ. ಗಂಟು ಗಟ್ಟಿಯಾದ ಮೇಲೆ ಮನೆಯಲ್ಲಿ ಕೊಯ್ಯಲು ಹೋಗದೆ ಮೃಗಾಸ್ಪತ್ರೆಗೆ ಒಯ್ಯಿರಿ.

ನೆಲದ ಮೇಲೆ ಮೂರು ಇಂಚು ಮರದ ಹೊಟ್ಟು ಅಥವಾ ಒಣಗಿದ ತರಗೆಲೆ ಹಾಸಿ. ಒದ್ದೆಯಾದದ್ದನ್ನು ಅದೇ ದಿನ ತೆಗೆದು ತೆಂಗಿನ ಬುಡಕ್ಕೆ ಹಾಕಿ. ಬೂಸ್ಟು ಹಿಡಿದ ಬೈಹುಲ್ಲು ಮಾತ್ರ ಬೇಡವೇ ಬೇಡ, ಅದರ ಧೂಳು ಶ್ವಾಸಕೋಶಕ್ಕೆ ಇಳಿದರೆ ಮದ್ದು ನಾಟುವುದಿಲ್ಲ. ಗೂಡಿನೊಳಗೆ ನೀರಿನ ಪಾತ್ರೆ ಇಟ್ಟರೆ ಬೆಳಗಾಗುವಾಗ ಹಾಸೆಲ್ಲ ಕೆಸರು. ರಾತ್ರಿ ನೀರು ಬೇಡ, ಆದರೆ ಆಗ ಮೇವೂ ಇಡಬಾರದು.

ಗೋಡೆಯ ಮೇಲ್ಭಾಗ ಒಂದಡಿ ಗಾಳಿಗೆ ಬಿಟ್ಟು ಅರ್ಧ ಇಂಚು ಕಣ್ಣಿನ ವೆಲ್ಡ್ ಮೆಶ್ ಹೊಡೆಯಿರಿ. ತೆಳ್ಳಗಿನ ಕೋಳಿ ಬಲೆಯನ್ನು ಬೀದಿನಾಯಿ ಹರಿದೇ ಹರಿಯುತ್ತದೆ. ಮುಂಗುಸಿ, ಕಾಡುಬೆಕ್ಕು, ಹೆಬ್ಬಾವು ಮೂರೂ ನಮ್ಮ ಗುಡ್ಡದ ಬುಡದ ಮನೆಗಳಿಗೆ ಮಾಮೂಲಿ ಅತಿಥಿಗಳು. ಬಲೆಯ ಕೆಳತುದಿ ಮಣ್ಣಿಗೆ ತಾಗುವಲ್ಲಿ ಒಂದಡಿ ಹೂತುಬಿಡಿ. ಬಾಗಿಲಿಗೆ ಬರೀ ಚಿಲಕ ಸಾಲದು, ಕೊಕ್ಕೆಯನ್ನೂ ಹಾಕಿ.

ನೀರು

ಬಾತು ತಿನ್ನುವುದನ್ನು ಒಮ್ಮೆ ಹತ್ತಿರದಿಂದ ನೋಡಿ. ಎರಡು ಬಾಯಿ ಮೇವು, ತಕ್ಷಣ ನೀರಿಗೆ ಓಟ, ಕೊಕ್ಕು ಅದ್ದಿ ಗೊರಗೊರ ಮಾಡಿ ಮೂಗಿನ ಹೊಳ್ಳೆಯಿಂದ ನೀರು ಚಿಮ್ಮಿಸಿ ಮತ್ತೆ ಮೇವಿಗೆ. ಹತ್ತು ನಿಮಿಷದಲ್ಲಿ ಪಾತ್ರೆಯ ನೀರು ಗಂಜಿಯ ಬಣ್ಣಕ್ಕೆ ತಿರುಗುತ್ತದೆ. ಇದನ್ನು ತಪ್ಪಿಸಲು ಮೇವಿನಿಂದ ನೀರನ್ನು ದೂರ ಇಟ್ಟರೆ ಒಣ ಹಿಟ್ಟು ಗಂಟಲಲ್ಲಿ ಸಿಕ್ಕಿ ಹಕ್ಕಿ ಒದ್ದಾಡುತ್ತದೆ. ನಾಲ್ಕೈದು ಅಡಿ ಅಂತರ ಸಾಕು.

ಕುಡಿಯುವ ಪಾತ್ರೆಯಲ್ಲಿ ಕಣ್ಣಿನ ತನಕ ತಲೆ ಮುಳುಗಬೇಕು. ಆರೇಳು ಇಂಚು ಆಳದ ಬಕೆಟ್ಟು ಆದೀತು. ಕೋಳಿಗೆ ಇಡುವ ಚಪ್ಪಟೆ ತಟ್ಟೆಯಲ್ಲಿ ಕುಡಿಯಲು ಆಗುತ್ತದೆ, ಕಣ್ಣು ತೊಳೆಯಲು ಆಗುವುದಿಲ್ಲ. ಕಣ್ಣಿನ ಸುತ್ತ ಪಿಸುರು ಕಟ್ಟುವುದು ಇದರಿಂದಲೇ. ಈಜಲು 4 ಅಡಿ ಉದ್ದ, 3 ಅಡಿ ಅಗಲ, ಒಂದೂವರೆ ಅಡಿ ಆಳದ ತೊಟ್ಟಿ ಕಟ್ಟಿದರೆ ಸುಮಾರು 500 ಲೀಟರ್ ಹಿಡಿಯುತ್ತದೆ. ತಳದಲ್ಲಿ ಎರಡು ಇಂಚಿನ ಪೈಪು ಇಡದೆ ಕಟ್ಟಿದವರು ಬಕೆಟ್ಟಿನಲ್ಲಿ ಮೊಗೆಯುತ್ತಾ ಒಂದು ತಿಂಗಳಲ್ಲಿ ಸುಸ್ತಾಗುತ್ತಾರೆ. ಪೈಪಿನ ಬಾಯಿಯನ್ನು ಬಾಳೆ ಅಥವಾ ಅಡಿಕೆ ಸಾಲಿಗೆ ತಿರುಗಿಸಿ, ಎರಡು ಮೂರು ದಿನಕ್ಕೊಮ್ಮೆ ಖಾಲಿ ಮಾಡಿ. ಹತ್ತಿ ಇಳಿಯಲು ಇಟ್ಟಿಗೆಯ ಮೆಟ್ಟಿಲು ಬೇಕೇ ಬೇಕು, ನೆನೆದು ದಣಿದ ಬಾತು ನೇರ ಗೋಡೆ ಹತ್ತಲಾರದೆ ಸಾಯುವುದುಂಟು. ತೊಟ್ಟಿಯೂ ಗೂಡೂ ಬಾವಿಯಿಂದ, ನೀರಿಗೆಂದು ಗುಡ್ಡಕ್ಕೆ ಕೊರೆದ ಸುರಂಗದ ಬಾಯಿಯಿಂದ ಕನಿಷ್ಠ 15 ಮೀಟರ್ ದೂರ, ಅದೂ ಇಳಿಜಾರಿನ ಕೆಳಗಡೆ ಇರಲಿ.

ಮರಿಗಳ ಮೊದಲ ತಿಂಗಳು

ತಾಯಿಯ ಜೊತೆ ಇಲ್ಲದ ಮರಿಯ ತುಪ್ಪಳಕ್ಕೆ ಎಣ್ಣೆಯ ಪಸೆ ಇರುವುದಿಲ್ಲ. ನೀರಿಗೆ ಬಿಟ್ಟರೆ ನೆನೆದು, ನಡುಗಿ, ಸಾಯುತ್ತದೆ. ನಾಲ್ಕೈದು ವಾರ ಕಳೆದು ಎದೆಗೆ ಗರಿ ಬರುವವರೆಗೆ ಈಜು ಬೇಡ, ಮಕ್ಕಳು ಎಷ್ಟು ಹಟ ಹಿಡಿದರೂ. ಕುಡಿಯಲು ಗೋಲಿಕಲ್ಲು ಹಾಕಿದ ತಟ್ಟೆ ಇಡಿ, ಕೊಕ್ಕು ಮುಳುಗಿದರೆ ಸಾಕು.

ಮೊದಲ ವಾರ 32 ಡಿಗ್ರಿ ಬೆಚ್ಚಗೆ, ಮುಂದೆ ವಾರಕ್ಕೆ 3 ಡಿಗ್ರಿ ಇಳಿಸಿ. ಆರು ಮರಿಗೆ 60 ವಾಟ್‌ನ ಹಳೇ ಕಾಲದ ಬಲ್ಬು ಒಂದೂವರೆ ಅಡಿ ಮೇಲೆ ತೂಗಿದರೆ ಆಯಿತು. ಎಲ್‌ಇಡಿ ಬಲ್ಬು ಬೆಳಕು ಕೊಡುತ್ತದೆ, ಬಿಸಿ ಕೊಡುವುದಿಲ್ಲ. ಮರಿಗಳು ಬಲ್ಬಿನ ಕೆಳಗೆ ಒಂದರ ಮೇಲೊಂದು ಬಿದ್ದಿದ್ದರೆ ಚಳಿ, ಮೂಲೆ ಸೇರಿ ಬಾಯಿ ತೆರೆದಿದ್ದರೆ ಸೆಕೆ. ಪೆಟ್ಟಿಗೆಗೆ ಬರೀ ಪೇಪರ್ ಹಾಸಬೇಡಿ, ಜಾರಿ ಕಾಲು ಅಗಲವಾಗಿ ಹೋದರೆ ಸರಿಪಡಿಸುವುದು ಕಷ್ಟ. ಗೋಣಿ ಹಾಸಿ.

ಕೋಳಿಮರಿಯ ಸ್ಟಾರ್ಟರ್ ಮೇವು ಕೊಡಬಹುದು, ಆದರೆ ಅದರಲ್ಲಿ ಬಾತಿಗೆ ಬೇಕಾದಷ್ಟು ನಯಾಸಿನ್ (ಒಂದು ಬಿ ವಿಟಮಿನ್) ಇರುವುದಿಲ್ಲ. ಕಿಲೋ ಮೇವಿಗೆ 55 ಮಿಲಿಗ್ರಾಂನಷ್ಟು ಬೇಕು. ಕಡಿಮೆಯಾದರೆ ಎರಡನೇ ವಾರದಲ್ಲಿ ಕಾಲು ಸೊಟ್ಟಗಾಗಿ ಮರಿ ಹಿಮ್ಮಡಿಯ ಮೇಲೆ ಕುಳಿತುಬಿಡುತ್ತದೆ. ಒಂದು ಲೋಟ ಮೇವಿಗೆ ಒಂದು ದೊಡ್ಡ ಚಮಚ ಬ್ರೂವರ್ಸ್ ಯೀಸ್ಟ್ ಬೆರೆಸಿದರೆ ಈ ತೊಂದರೆ ಬಾರದು. ಬೇಕರಿಯ ಯೀಸ್ಟ್ ಬೇರೆ, ಅದನ್ನು ಹಾಕಬೇಡಿ. ಮರಿ ಬೆಳೆಯುವಾಗ ತೀರಾ ಪುಷ್ಟಿಯ ಮೇವು ಕೊಟ್ಟರೆ ರೆಕ್ಕೆಯ ತುದಿ ಹೊರಗೆ ತಿರುಗುತ್ತದೆ. ಕಂಡ ದಿನವೇ ರೆಕ್ಕೆಯನ್ನು ಮಡಚಿ ಬಟ್ಟೆಯ ಟೇಪಿನಿಂದ ನಾಲ್ಕೈದು ದಿನ ಸುತ್ತಿಟ್ಟರೆ ನೆಟ್ಟಗಾದೀತು, ತಡವಾದರೆ ಆಗದು.

ಮೇವು

ದೊಡ್ಡ ಬಾತಿಗೆ ದಿನಕ್ಕೆ ಸುಮಾರು 150 ಗ್ರಾಂ ಮೇವು. ಹಗಲು ತೋಟದಲ್ಲಿ ಮೇಯುವುದಾದರೆ ಅರ್ಧ ಸಾಕು. ಮೊಟ್ಟೆಕೋಳಿಯ ಮೇವಾದ ಲೇಯರ್ ಫೀಡ್‌ನ ಜೊತೆ ನುಚ್ಚಕ್ಕಿ, ತೌಡು, ಉಪ್ಪು ಹಾಕದ ಒಣಮೀನಿನ ಪುಡಿ ಕಲಸಿ ಕೊಡಬಹುದು. ಮೊಟ್ಟೆ ಇಡುವವಕ್ಕೆ ಮರುವಾಯಿ ಚಿಪ್ಪಿನ ಪುಡಿ ಬೇರೆ ತಟ್ಟೆಯಲ್ಲಿ. ಸುಣ್ಣದ ಅಂಶ ಸಾಲದಿದ್ದರೆ ಮೊಟ್ಟೆ ಒಳಗೇ ಸಿಕ್ಕಿಕೊಳ್ಳುವ ಭಯವಿದೆ. ಮಳೆಗಾಲದಲ್ಲಿ ಹೆಚ್ಚು ಹುಷಾರಾಗಿರಬೇಕಾದದ್ದು ಬೂಸ್ಟಿಗೆ. ಮೇವಿನ ಬೂಸ್ಟಿನಲ್ಲಿ ಹುಟ್ಟುವ ಅಫ್ಲಟಾಕ್ಸಿನ್ ವಿಷವನ್ನು ಕೋಳಿ ಒಂದಿಷ್ಟು ತಡೆದುಕೊಂಡರೂ ಬಾತು ತಡೆಯದು, ಯಕೃತ್ತು ಕೆಟ್ಟು ಸಾಯುತ್ತದೆ. ನೆಲಗಡಲೆ ಹಿಂಡಿಯನ್ನು ಪೂರ್ತಿ ಬಿಟ್ಟುಬಿಡಿ. ಜೋಳದ ನುಚ್ಚನ್ನು ಎರಡು ವಾರಕ್ಕೆ ಆಗುವಷ್ಟೇ ತಂದು ಮುಚ್ಚಳದ ಡಬ್ಬಿಯಲ್ಲಿಡಿ.

ಸಂಜೆಯ ಮೇವನ್ನು ಗೂಡಿನ ಹತ್ತಿರ, ದಿನಾ ಒಂದೇ ಹೊತ್ತಿಗೆ, ತಗಡಿನ ಡಬ್ಬಿ ಬಡಿದು ಕೊಡಿ. ವಾರ ಕಳೆಯುವಷ್ಟರಲ್ಲಿ ತೋಡಿನ ಆಚೆ ಇದ್ದರೂ ಸಾಲುಗಟ್ಟಿ ಓಡಿ ಬರುತ್ತವೆ. ಬಾತು ಸಾಕುವುದರ ಸುಖ ಏನೆಂದು ಕೇಳಿದವರನ್ನು ಆ ಹೊತ್ತಿಗೆ ಅಂಗಳಕ್ಕೆ ಕರೆಯಿರಿ. ಹಿಡಿಯುವಾಗ ಕಾಲಲ್ಲಿ ನೇತಾಡಿಸಬಾರದು, ತೊಡೆಯ ಕೀಲು ಸುಲಭವಾಗಿ ತಪ್ಪುತ್ತದೆ. ಎರಡೂ ರೆಕ್ಕೆ ಮೈಗೆ ಒತ್ತಿ, ಅಡಿಗೆ ಕೈಕೊಟ್ಟು ಎತ್ತಬೇಕು.

ತೋಟಕ್ಕೆ ಬಿಡುವಾಗ

ಆಫ್ರಿಕನ್ ಬಸವನಹುಳದ ಕಾಟವಿರುವ ತೋಟಕ್ಕೆ ಬಾತು ದೊಡ್ಡ ಉಪಕಾರಿ. ಸಣ್ಣ ಹುಳಗಳನ್ನು ಹೆಕ್ಕಿ ನುಂಗುತ್ತದೆ, ಗುಂಡಿಯ ಸೊಳ್ಳೆಮರಿಯನ್ನೂ ಬಿಡುವುದಿಲ್ಲ. ಆದರೆ ಹುಳಕ್ಕೆಂದು ಮೆಟಾಲ್ಡಿಹೈಡ್ ಗುಳಿಗೆ ಹಾಕಿದ ಕಡೆ ಬಾತನ್ನು ಬಿಡುವಂತಿಲ್ಲ. ಹರಿವೆ, ಬಸಳೆಯ ಮಡಿಗೆ ಬೇಲಿ ಹಾಕದಿದ್ದರೆ ಮರುದಿನ ಸಾರಿಗೆ ಸೊಪ್ಪು ಇಲ್ಲ.

ಮಳೆಗಾಲದ ಮೊದಲು ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ಮದ್ದು ಬಿಡುವಾಗ, ಮತ್ತೆ 40–45 ದಿನ ಬಿಟ್ಟು ಎರಡನೇ ಸಲ ಬಿಡುವಾಗ, ಬಾತುಗಳನ್ನು ಎರಡು ಮೂರು ದಿನ ಕೂಡಿಹಾಕಿ. 100 ಲೀಟರ್ ಬೋರ್ಡೋ ದ್ರಾವಣದಲ್ಲಿ ಒಂದು ಕಿಲೋ ಮೈಲುತುತ್ತು ಇರುತ್ತದೆ. ಡ್ರಮ್ಮು ತೊಳೆದ ನೀರು ಹೊಂಡದಲ್ಲಿ ನಿಂತರೆ ಬಾತು ಮೊದಲು ಅಲ್ಲಿಗೇ ಹೋಗಿ ಕೊಕ್ಕು ಹಾಕುವುದು. ತಂತಿ ಚೂರು, ಮೊಳೆ, ಸ್ಕ್ರೂ ಕೂಡ ಹಾಗೆಯೇ, ಹೊಳೆಯುವುದನ್ನೆಲ್ಲ ನುಂಗುತ್ತದೆ. ಬೇಲಿ ಕಟ್ಟಿದ ದಿನ ಆಯಸ್ಕಾಂತ ಹಿಡಿದು ನೆಲ ಗುಡಿಸಿ.

ಏಪ್ರಿಲ್, ಮೇಯಲ್ಲಿ ತೋಡು ಬತ್ತಿ ಸತ್ತ ಮೀನು, ಕೊಳೆತ ಎಲೆಯ ಗುಂಡಿಗಳಷ್ಟೇ ಉಳಿಯುತ್ತವೆ. ಅಲ್ಲಿ ಹುಳ ಹೆಕ್ಕಿದ ಬಾತಿಗೆ ಬೊಟುಲಿಸಂ ತಗಲಬಹುದು: ಮೊದಲು ಕಾಲು, ನಂತರ ರೆಕ್ಕೆ, ಕೊನೆಗೆ ಕುತ್ತಿಗೆ ಬಲ ಕಳೆದುಕೊಂಡು ನೆಲಕ್ಕೆ ಬೀಳುತ್ತದೆ. ಉಳಿದವನ್ನು ಆ ಗುಂಡಿಯಿಂದ ಕೂಡಲೇ ಹೊರಗೆ ತನ್ನಿ, ಶುದ್ಧ ನೀರು ಕೊಡಿ, ವೈದ್ಯರಿಗೆ ತಿಳಿಸಿ.

ಮೊಟ್ಟೆ

ಐದಾರು ತಿಂಗಳಿಗೆ ಮೊಟ್ಟೆ ಶುರು. ಹೆಚ್ಚಿನವು ಬೆಳಗಿನ ಜಾವವೇ ಇಡುವುದರಿಂದ ಒಂಬತ್ತು ಗಂಟೆಯ ತನಕ ಬಾಗಿಲು ತೆರೆಯದಿದ್ದರೆ ತೋಟವಿಡೀ ಹುಡುಕುವ ಕೆಲಸ ತಪ್ಪುತ್ತದೆ. ಕೆಸರಿನಲ್ಲಿ ಸಿಕ್ಕಿದ್ದನ್ನು ಪೂರ್ತಿ ಬೇಯಿಸದೆ ತಿನ್ನಬಾರದು, ಹಾಫ್ ಬಾಯಿಲ್ ಅಂತೂ ಬೇಡ. ಮರಿ ಬೇಕಾದರೆ ಕಾವು ಕೂತ ಕೋಳಿಯ ಅಡಿಗೆ ಏಳೆಂಟು ಮೊಟ್ಟೆ ಇಡಿ, ತೊಳೆಯದೆ. 28 ದಿನ ಬೇಕು, ಮಣಿತಾರಾವಿಗೆ 35. ಕೋಳಿಗೆ 21 ದಿನದ ಲೆಕ್ಕ. ಅದು ಎದ್ದು ಹೋಗದ ಹಾಗೆ ಮೇವು, ನೀರು ಪಕ್ಕದಲ್ಲೇ ಇಡಬೇಕು. ಎರಡನೇ ವಾರದಿಂದ ದಿನಕ್ಕೊಮ್ಮೆ ಮೊಟ್ಟೆಗೆ ಉಗುರುಬೆಚ್ಚಗಿನ ನೀರು ಚಿಮುಕಿಸಿ, ಕೊನೆಯ ಮೂರು ದಿನ ಮುಟ್ಟಬೇಡಿ.

ಲಸಿಕೆ, ಹಕ್ಕಿಜ್ವರ

ಬಾತಿನ ಪ್ಲೇಗ್ ಬಂದರೆ ಬೆಳಕಿಗೆ ಕಣ್ಣು ಬಿಡುವುದಿಲ್ಲ, ಹಸಿರು ಭೇದಿ, ಎರಡು ಮೂರು ದಿನದಲ್ಲಿ ಸಾಲಾಗಿ ಸಾವು. ಇದಕ್ಕೆ ಚಿಕಿತ್ಸೆ ಇಲ್ಲ, 8–10 ವಾರಕ್ಕೆ ಲಸಿಕೆಯೇ ದಾರಿ. ತಿರುವನಂತಪುರ ಜಿಲ್ಲೆಯ ಪಾಲೋಡಿನ ಸರ್ಕಾರಿ ಸಂಸ್ಥೆ ಇದನ್ನೂ ಬಾತಿನ ಕಾಲರಾಕ್ಕೆ ಕೊಡುವ ಪಾಸ್ಚುರೆಲ್ಲಾ ಲಸಿಕೆಯನ್ನೂ ತಯಾರಿಸುತ್ತದೆ. ಒಮ್ಮೆ ಕಲಸಿದ ಕುಪ್ಪಿ ಅಂದೇ ಮುಗಿಯಬೇಕು. ಆದ್ದರಿಂದ ಊರಿನ ನಾಲ್ಕಾರು ಮನೆಯವರು ಸೇರಿ ಪಂಚಾಯತಿನ ಮೃಗಾಸ್ಪತ್ರೆಯಲ್ಲಿ ಒಂದು ದಿನ ಗೊತ್ತು ಮಾಡಿಕೊಳ್ಳುವುದು ಅನುಕೂಲ.

2014ರ ನವೆಂಬರ್‌ನಲ್ಲಿ ಆಲಪ್ಪುಳ, ಕೋಟ್ಟಯಂ, ಪತ್ತನಂತಿಟ್ಟ ಜಿಲ್ಲೆಗಳಲ್ಲಿ ಹಕ್ಕಿಜ್ವರ ಬಂದಾಗ ಸೋಂಕಿನ ಸುತ್ತಲಿನ ಸಾಕುಹಕ್ಕಿಗಳನ್ನೆಲ್ಲ ಕೊಲ್ಲಬೇಕಾಯಿತು, ಆಮೇಲೂ ಅದು ಕೇರಳಕ್ಕೆ ಮರಳಿ ಮರಳಿ ಬಂದಿದೆ. ಬಾತು ರೋಗದ ಲಕ್ಷಣ ತೋರಿಸದೆಯೂ ವೈರಸ್ ಹೊತ್ತಿರಬಲ್ಲದು. ಸುದ್ದಿ ಬಂದ ವಾರಗಳಲ್ಲಿ ಲಾರಿಯಲ್ಲಿ ಬಂದ ಬಾತು ಕೊಳ್ಳಬೇಡಿ, ಸಾಕಿದವನ್ನು ಕೊಕ್ಕರೆಗಳು ಇಳಿಯುವ ಮದಕಕ್ಕೆ ಬಿಡಬೇಡಿ. ಬೇರೆ ಸಮಯದಲ್ಲೂ ಹೊಸದಾಗಿ ತಂದದ್ದನ್ನು ಮೂರು ವಾರ ಬೇರೆಯೇ ಇಡಿ. ಎರಡು ಮೂರು ಹಕ್ಕಿ ಒಟ್ಟಿಗೆ ಸತ್ತರೆ ಕೈಯಲ್ಲಿ ಮುಟ್ಟದೆ, ತೋಡಿಗೆ ಎಸೆಯದೆ ಮೃಗಾಸ್ಪತ್ರೆಗೆ ಫೋನ್ ಮಾಡಿ, ಅವರು ಬರುವವರೆಗೆ ಉಳಿದವನ್ನು ಗೂಡಲ್ಲೇ ಇರಿಸಿ.