ಹಳೆ ಮನೆಗೆ ಹಗ್ಗ-ಗುಂಡಿನ ಮರದ ಕಿಟಕಿ ಕೂರಿಸುವುದು

ಮೇಲೆ ಕೆಳಗೆ ಜಾರುವ ಮರದ ಕಿಟಕಿಯಲ್ಲಿ ಕಣ್ಣಿಗೆ ಕಾಣುವುದು ಎರಡು ಗಾಜಿನ ಪಡಿ ಮಾತ್ರ. ಕೆಲಸವೆಲ್ಲ ನಡೆಯುವುದು ಚೌಕಟ್ಟಿನ ಒಳಗೆ. ಎರಡೂ ಪಕ್ಕದ ಪೊಳ್ಳು ಪೆಟ್ಟಿಗೆಯಲ್ಲಿ ಕಬ್ಬಿಣದ ಗುಂಡುಗಳು ನೇತಾಡುತ್ತಿರುತ್ತವೆ. ಅವುಗಳ ಹಗ್ಗ ರಾಟೆಯ ಮೇಲೆ ಹಾದು ಪಡಿಗೆ ಬಂದು ಸೇರುತ್ತದೆ. ತೂಕ ಹೊಂದಿದರೆ ಎರಡು ಬೆರಳಲ್ಲಿ ಪಡಿ ಎತ್ತಬಹುದು. ಹೊಂದದಿದ್ದರೆ ಎಷ್ಟು ಒಳ್ಳೆ ಮರ ಹಾಕಿದರೂ ಸುಖವಿಲ್ಲ. ಅದಕ್ಕೇ ನಾನು ಸುತ್ತಿಗೆಗಿಂತ ಮೊದಲು ತಕ್ಕಡಿ ಹಿಡಿಯುತ್ತೇನೆ.

ಗಾಜು ಕೂರಿಸಿ, ಪುಟ್ಟಿ ಹಾಕಿದ ಮೇಲೇ ಪಡಿ ತೂಗಿ. ಬರೀ ಮರದ ತೂಕದಿಂದ ಉಪಯೋಗವಿಲ್ಲ. 4 ಮಿ.ಮೀ. ಗಾಜು ಚದರ ಮೀಟರಿಗೆ ಸುಮಾರು 10 ಕೆಜಿ ಇರುತ್ತದೆ. ಬಂದ ತೂಕವನ್ನು ಎರಡು ಗುಂಡಿಗೆ ಸಮವಾಗಿ ಹಂಚಿ. ಆಮೇಲೆ ಮೇಲಿನ ಪಡಿಯ ಒಂದೊಂದು ಗುಂಡಿಗೆ ಸುಮಾರು 200 ಗ್ರಾಂ ಜಾಸ್ತಿ ಮಾಡಿ, ಕೆಳಗಿನ ಪಡಿಯದಕ್ಕೆ ಅಷ್ಟೇ ಕಡಿಮೆ ಮಾಡಿ. ಆಗ ಮೇಲಿನದು ಮೇಲೇ ನಿಲ್ಲುತ್ತದೆ, ಕೆಳಗಿನದು ಕೆಳಗೇ ಕೂರುತ್ತದೆ. ಜೋಡಿ ಗಾಜು ಹಾಕಿಸುವವರು ಇಲ್ಲಿ ಹುಷಾರಾಗಿರಬೇಕು. ತೂಕ ಏರುತ್ತದೆ, ಹಳೆ ಗುಂಡು ಸಾಲದು, ಉದ್ದನೆಯ ಗುಂಡಿಗೆ ಪೆಟ್ಟಿಗೆಯಲ್ಲಿ ಜಾಗ ಇರುವುದಿಲ್ಲ. ಸೀಸದ ಗುಂಡು ಗಿಡ್ಡವಾದರೂ ಭಾರ ಜಾಸ್ತಿ, ಅದನ್ನೇ ಹಾಕಿ.

ಹಳೆ ಬಣ್ಣದಲ್ಲಿ ಸೀಸ ಇರಬಹುದು. ಒಣದಾಗಿ ಉಜ್ಜಬೇಡಿ, ನೀರು ಹಚ್ಚಿ ಕೆರೆಯಿರಿ.

ಹಳೆ ಗೋಡೆಯ ಕಂಡಿ ನೆಟ್ಟಗಿರುವುದಿಲ್ಲ. ಅಗಲವನ್ನೂ ಎತ್ತರವನ್ನೂ ಮೂರು ಮೂರು ಕಡೆ ಅಳೆದು, ಎಲ್ಲಕ್ಕಿಂತ ಚಿಕ್ಕ ಅಳತೆಗೆ ಸ್ವಲ್ಪ ಸಡಿಲ ಬಿಟ್ಟು ಚೌಕಟ್ಟು ಮಾಡಿಸಿ. ಕೂರಿಸುವಾಗ ಪಡಿಗಳನ್ನು ಹೊರಗಿಡಿ. ಗೋಡೆ ವಾಲಿದೆ ಎಂದು ಚೌಕಟ್ಟನ್ನೂ ವಾಲಿಸಬೇಡಿ. ರಸಮಟ್ಟ, ತೂಗುಗುಂಡು ಎರಡನ್ನೂ ನಂಬಿ. ಮೂಲೆಯಿಂದ ಮೂಲೆಗೆ ಎರಡೂ ಓರೆ ಅಳತೆ ಒಂದೇ ಬರಬೇಕು.

ಬೆಣೆಗಳನ್ನು ನಾಲ್ಕು ಮೂಲೆಗಳ ಹತ್ತಿರ ಮಾತ್ರ ಹೊಡೆಯಿರಿ. ನಡುವೆ ಹೊಡೆದರೆ ಪಕ್ಕದ ಹಲಗೆ ಒಳಗೆ ಬಾಗಿ ಪಡಿಯನ್ನು ಹಿಡಿದುಕೊಳ್ಳುತ್ತದೆ. ಸಂದಿಗೆ ಉಬ್ಬುವ ಫೋಮ್ ಬೇಡವೇ ಬೇಡ. ಅದು ಪೆಟ್ಟಿಗೆಯೊಳಗೆ ನುಗ್ಗಿದರೆ ಗುಂಡು ಅಲ್ಲೇ ಸಿಕ್ಕಿಕೊಳ್ಳುತ್ತದೆ. ಹಳೆಯ ಮೆತ್ತನೆ ಇಟ್ಟಿಗೆಗೆ ಸಿಮೆಂಟೂ ಒಗ್ಗುವುದಿಲ್ಲ. ಸುಣ್ಣದ ಗಾರೆ ತೇವವನ್ನು ಹೊರಗೆ ಬಿಡುತ್ತದೆ, ಮರವೂ ಬಾಳುತ್ತದೆ.

ಈಗ ಹಗ್ಗ. ಚೌಕಟ್ಟಿನ ತಲೆಯಿಂದ ರಾಟೆಯ ನಡುವಿಗೆ ಎಷ್ಟು ದೂರವಿದೆ ನೋಡಿ. ಅಷ್ಟನ್ನೇ ಪಡಿಯ ಮೇಲ್ತುದಿಯಿಂದ ಪಕ್ಕದ ತೋಡಿನಲ್ಲಿ ಗುರುತು ಮಾಡಿ. ಹಗ್ಗಕ್ಕೆ ಹೊಡೆಯುವ ಮೊಳೆಗಳೆಲ್ಲ ಆ ಗುರುತಿನ ಕೆಳಗೇ ಇರಬೇಕು. ಮೇಲೆ ಹೊಡೆದರೆ ಪಡಿ ಪೂರ್ತಿ ಏರುವುದಿಲ್ಲ. ಉದ್ದ ಸರಿ ಇದೆಯಾ ಎಂದು ನೋಡುವುದು ಸುಲಭ. ಪಡಿ ಪೂರ್ತಿ ಮೇಲಿದ್ದಾಗ ಗುಂಡು ಪೆಟ್ಟಿಗೆಯ ತಳದಿಂದ 5 ಸೆಂ.ಮೀ. ಮೇಲೆ ತೂಗಬೇಕು. ಪಡಿ ಪೂರ್ತಿ ಕೆಳಗಿದ್ದಾಗ ರಾಟೆಗೆ ತಾಗಬಾರದು.

ಹೊರಗಿನ ಸಾಲು ಮೇಲಿನ ಪಡಿಯದು, ಹಾಗಾಗಿ ಅದೇ ಮೊದಲು. ಆಮೇಲೆ ನಡುವಿನ ಬೀಡಿಂಗ್ (ಎರಡು ಪಡಿಗಳ ಮಧ್ಯೆ ಬರುವ ತೆಳು ಮರದ ಪಟ್ಟಿ), ಅದರ ಒಳಗೆ ಕೆಳಗಿನ ಪಡಿ, ಕೊನೆಗೆ ಒಳಬದಿಯ ಬೀಡಿಂಗ್. ಈ ಕೊನೆಯದನ್ನು ಅಂಟಿಸಬೇಡಿ, ಸಣ್ಣ ಮೊಳೆ ಸಾಕು. ಮುಂದೆ ಹಗ್ಗ ಸವೆದಾಗ ಬಿಚ್ಚಲೇಬೇಕಲ್ವಾ? ಪ್ರತಿ ಪಕ್ಕದಲ್ಲೂ 2 ಮಿ.ಮೀ. ಸಡಿಲ ಇರಲಿ, ಬಣ್ಣ ಅಷ್ಟರಲ್ಲಿ ಸ್ವಲ್ಪ ತಿಂದುಬಿಡುತ್ತದೆ.

ಅಗಸೆ ಎಣ್ಣೆಯ ಪುಟ್ಟಿ ಮೇಲೆ ಕೆನೆಗಟ್ಟುವ ತನಕ ಬಣ್ಣ ಹಚ್ಚಬೇಡಿ, ಅದಕ್ಕೆ ವಾರಗಳೇ ಬೇಕು. ಹಗ್ಗಕ್ಕಂತೂ ಬಣ್ಣ ತಾಗಿಸಲೇಬೇಡಿ. ಹಗ್ಗ ಗಡುಸಾಗಿ ಬೇಗ ತುಂಡಾಗುತ್ತದೆ. ಜಾರುವ ಜಾಗಕ್ಕೆ ಸ್ವಲ್ಪ ಮೇಣ ಉಜ್ಜಿ. ಬಣ್ಣ ಪೂರ್ತಿ ಗಟ್ಟಿಯಾಗುವವರೆಗೆ ದಿನವೂ ಎರಡು ಪಡಿಗಳನ್ನೂ ಮೇಲೆ ಕೆಳಗೆ ಆಡಿಸುತ್ತಿರಿ, ಇಲ್ಲದಿದ್ದರೆ ಚೌಕಟ್ಟಿಗೆ ಅಂಟಿಕೊಳ್ಳುತ್ತವೆ.