ಬ್ಲೌಸ್ ರೇಟು ಏರಿಸೋಕೆ ನನ್ನನ್ನ ತಡೀತಿದ್ದಿದ್ದು ಏನು

ನಾನು ಶಿವಮೊಗ್ಗದಲ್ಲಿ ಮನೇಲೇ ಬ್ಲೌಸ್ ಹೊಲೀತೀನಿ, ಹದಿನಾರು ವರ್ಷ ಆಯ್ತು. ಲೈನಿಂಗ್ ಬ್ಲೌಸಿಗೆ 2019ರಿಂದ 300 ರೂಪಾಯಿನೇ ತಗೋತಿದ್ದೆ. ಪ್ರತಿ ಯುಗಾದಿಗೂ ಈ ಸಲ 450 ಮಾಡೇ ಮಾಡ್ತೀನಿ ಅಂತ ದೇವರ ಮುಂದೆ ಅಂದ್ಕೊಳ್ಳೋದು, ಹಬ್ಬ ಕಳೆದು ಮೊದಲನೇ ಗಿರಾಕಿ ಬಂದು "ಎಷ್ಟಾಯ್ತಮ್ಮ" ಅಂದ ತಕ್ಷಣ "ಅದೇ ಮುನ್ನೂರು ಕೊಡಿ" ಅಂತ ಬಾಯಿಗೆ ಬಂದುಬಿಡೋದು. ನಾಲ್ಕು ಯುಗಾದಿ ಹಿಂಗೇ ಹೋಯ್ತು. ನಂಗೆ ಧೈರ್ಯ ಸಾಲದು ಅಂತಾನೇ ಎಲ್ರೂ ಅಂದ್ರು, ನಾನೂ ಹಾಗೇ ನಂಬಿದ್ದೆ.

ನಮ್ಮಕ್ಕನ ಮಗಳು ಬೆಂಗಳೂರಲ್ಲಿ ಎಚ್‌ಆರ್ ಕೆಲಸದಲ್ಲಿದ್ದಾಳೆ. ದಸರಾ ರಜೆಗೆ ಬಂದಾಗ ಅವಳೇ ಒಂದು ವಿಧಾನ ಹೇಳಿಕೊಟ್ಟಳು, ಹಾರ್ವರ್ಡಲ್ಲಿ ಪಾಠ ಮಾಡ್ತಿದ್ದ ರಾಬರ್ಟ್ ಕೀಗನ್, ಲೀಸಾ ಲೇಹಿ ಅನ್ನೋರು ಮಾಡಿದ್ದಂತೆ. ಮೈಗೆ ರೋಗ ತಡೆಯೋ ಶಕ್ತಿ ಇರೋ ಹಾಗೆ ಮನಸ್ಸಿಗೂ ಒಂದಿರತ್ತೆ, ನಾವು ಬಯಸಿದ ಬದಲಾವಣೆಯನ್ನೂ ಅದು ಕಾಯಿಲೆ ಅಂದ್ಕೊಂಡು ಹೊರಗೆ ತಳ್ಳತ್ತೆ, ಅದಕ್ಕೆ ಅದು ಏನನ್ನ ಕಾಪಾಡ್ತಿದೆ ಅಂತ ಮೊದಲು ನೋಡು ಅಂದಳು. ಅಳತೆ ಬರೆಯೋ ನೋಟ್‌ಬುಕ್ಕಲ್ಲೇ ನಾಲ್ಕು ಕಾಲಂ ಗೆರೆ ಎಳೆದ್ವಿ.

ಮೊದಲನೇದ್ರಲ್ಲಿ ನನ್ನ ಗುರಿ, ರೇಟು 450 ಆಗ್ಬೇಕು ಅಂತ. ಎರಡನೇದ್ರಲ್ಲಿ ಅದಕ್ಕೆ ಅಡ್ಡ ಬರೋ ಹಾಗೆ ನಾನೇ ಏನೇನು ಮಾಡ್ತೀನಿ ಅನ್ನೋದು. ಇಲ್ಲಿ ಕಾರಣ ಹೇಳೋ ಹಾಗಿಲ್ಲ, ಮಾಡೋದು ಅಷ್ಟೇ ಬರೀಬೇಕು. ಬರೀತಾ ಹೋದ್ರೆ ಮುಗೀಲೇ ಇಲ್ಲ, ರೇಟಿನ ಬೋರ್ಡ್ ಬರೆಸಿ ಬೀರುವಿನ ಹಿಂದೆ ಇಟ್ಟಿದ್ದೀನಿ, ಅವರು ಕೇಳೋ ಮೊದಲೇ ನಾನೇ ಐವತ್ತು ಕಮ್ಮಿ ಹೇಳ್ತೀನಿ, ಫಾಲ್ ಹಚ್ಚಿದ್ದಕ್ಕೆ ದುಡ್ಡು ಕೇಳಲ್ಲ, ಮದುವೆ ಅಂತ ರಾತ್ರಿ ಎರಡು ಗಂಟೆ ತನಕ ಕೂತು ಹೊಲಿದ್ರೂ ಅದೇ ಮುನ್ನೂರು.

ಮೂರನೇದು ಕಷ್ಟ. ಎರಡನೇ ಕಾಲಮ್ಮಿನದಕ್ಕೆ ಉಲ್ಟಾ ಮಾಡಿದ್ರೆ ಏನು ಭಯ ಅಂತ. "ಗಿರಾಕಿ ಹೋಗ್ತಾರೆ" ಅಂತ ಬರೆದೆ. ಅವಳು ನೋಡಿ, "ಚಿಕ್ಕಮ್ಮಾ, ಇದು ಲೆಕ್ಕದ ಮಾತು, ಹೇಳೋ ಹೊತ್ತಿಗೆ ನಿನ್ನ ಹೊಟ್ಟೇಲಿ ಏನಾಗತ್ತೋ ಅದನ್ನ ಬರಿ" ಅಂದಳು. ಕಣ್ಣು ಮುಚ್ಚಿ ನೆನೆಸಿಕೊಂಡೆ. ನೆನಪಾಗಿದ್ದು ನನ್ನ ಮೊದಲ ಮಿಷನ್. ನಮ್ಮೆಜಮಾನ್ರು ಆ್ಯಕ್ಸಿಡೆಂಟ್ ಆಗಿ ಮಲಗಿದ್ದ ವರ್ಷ, ಬೀದಿ ಹೆಂಗಸರ ಚೀಟೀಲಿ ನನ್ನ ಸರದಿ ಇನ್ನೂ ದೂರ ಇತ್ತು, ಅಷ್ಟೂ ಜನ ಸೇರಿ ಮೊದಲನೇ ಚೀಟಿ ನಂಗೇ ಬಿಟ್ಟುಕೊಟ್ಟಿದ್ರು, ಆ ದುಡ್ಡಲ್ಲೇ ಮಿಷನ್ ತಂದಿದ್ದು. ಅವರ ಕೈಲಿ ಜಾಸ್ತಿ ದುಡ್ಡು ಕೇಳೋದು ಅಂದ್ರೆ ನಂಗೆ ಉಂಡ ಮನೆಗೆ ಎರಡು ಬಗೆದ ಹಾಗೆ. ಮೂರನೇ ಕಾಲಮ್ಮಲ್ಲಿ ಬರೆದೆ, "ಈ ಋಣ ಮರೆತವಳು ಅಂತ ಯಾರ ಬಾಯಲ್ಲೂ ಬರಬಾರದು." ಬರೆದು ತುಂಬಾ ಹೊತ್ತು ಅತ್ತೆ. ಧೈರ್ಯ ಇಲ್ಲ ಅಂತ ನನ್ನನ್ನ ನಾನೇ ಎಷ್ಟು ಬೈಕೊಂಡಿದ್ದೆ! ಒಳಗಡೆ ಇದ್ದಿದ್ದು ಕೃತಜ್ಞತೆ.

ನಾಲ್ಕನೇದು, ಇದರ ಬುಡದಲ್ಲಿ ಯಾವ ನಂಬಿಕೆ ಇದೆ ಅಂತ. ಸರಿಯಾಗಿ ದುಡ್ಡು ಕೇಳಿದ್ರೆ ಅವರ ಪ್ರೀತಿ ಅಲ್ಲಿಗೆ ಮುಗೀತು, ಅನ್ನೋದೇ ಅದು. ಇದನ್ನ ಒಂದು ಸಣ್ಣ ಪರೀಕ್ಷೆ ಮಾಡಿ ನೋಡ್ಬೇಕಂತೆ, ಗೆಲ್ಲೋಕಲ್ಲ, ನಿಜಾನಾ ಅಂತ ತಿಳ್ಕೊಳ್ಳೋಕೆ. ಹೊಸ ಗಿರಾಕಿ ಹತ್ರ ಮಾಡಿದ್ರೆ ಇದು ಗೊತ್ತಾಗಲ್ಲ, ಅವರ ಋಣ ನಂಗೇನಿದೆ. ಹಂಗಾಗಿ ಆವತ್ತು ಚೀಟಿ ಬಿಟ್ಟುಕೊಟ್ಟವರಲ್ಲೇ ಒಬ್ಬರಿಗೆ, ಪಕ್ಕದ ಮನೆ ಆಂಟಿಗೆ, ಹೇಳೋಣ ಅಂತ ನಿರ್ಧಾರ ಮಾಡಿದೆ. ತೋಳಿನ ಅಳತೆ ತಗೋತಿದ್ದೆ, ಟೇಪು ಕೈಲಿ ನಡುಗ್ತಿತ್ತು, ಹತ್ತೂವರೆ ಅಂತ ಬರೆದು ತಲೆ ಎತ್ತದೇನೇ "ಆಂಟಿ, ಈ ಸಲದಿಂದ 450 ಮಾಡಿದ್ದೀನಿ" ಅಂದೆ. ಅವರು ಸ್ವಲ್ಪ ಹೊತ್ತು ಸುಮ್ನಿದ್ರು. ಆಮೇಲೆ, "ಮೊದಲೇ ಹೇಳ್ಬಾರದಾ, ನಿಂಗೆ ಅಷ್ಟು ಕಮ್ಮಿ ಕೊಡೋಕೆ ಮನಸ್ಸು ಬರ್ದೇ ಮಗಳ ಸೀಮಂತದ ಬ್ಲೌಸ್ ಎರಡೂ ಬೇರೆ ಕಡೆ ಕೊಟ್ಟುಬಿಟ್ಟೆ ಕಣೇ" ಅಂದ್ರು.

ಎಲ್ಲರೂ ಹಾಗೆ ಅನ್ಲಿಲ್ಲ. ಒಬ್ಬರು ಹೊಲಿಯೋಕೆ ಕೊಟ್ಟಿದ್ದ ಪೀಸ್ ವಾಪಸ್ ಇಸ್ಕೊಂಡು ಹೋದ್ರು, ಈಗಲೂ ಮಾತಿಲ್ಲ, ಅವರು ಗೇಟಿನ ಮುಂದೆ ಹೋದಾಗೆಲ್ಲ ಹೊಟ್ಟೆ ಹಿಂಡತ್ತೆ. ಆದ್ರೂ ಆ ರಾತ್ರಿ ನೋಟ್‌ಬುಕ್ ತೆಗೆದು, ಋಣ ಯಾರದ್ದು ಅಂತ ಹೆಸರು ಬರೆದೆ. ಏಳು ಜನ. ಬೀದಿಗೆ ಬೀದಿಯೇ ಅಂದ್ಕೊಂಡಿದ್ದೆ! ಈಗ ಅವರಿಗೂ ಹೊಲಿಗೆ 450ನೇ, ಆದ್ರೆ ಅವರ ಮನೆ ಮದುವೆ, ಸೀಮಂತ ಅಂದ್ರೆ ಒಂದು ಸೀರೆಗೆ ಕುಚ್ಚು ನನ್ನ ಕಡೆಯಿಂದ, ಇದು ನನ್ನ ಉಡುಗೊರೆ ಅಂತ ಬಾಯಿಬಿಟ್ಟು ಹೇಳೇ ಕೊಡ್ತೀನಿ. ಮುಂಚೆ ರೇಟಲ್ಲಿ ಕಮ್ಮಿ ಮಾಡಿ ಕೊಡ್ತಿದ್ದಿದ್ದು ಯಾರಿಗೂ ಗೊತ್ತೇ ಆಗ್ತಿರ್ಲಿಲ್ಲ, ನಂಗೂ ಸೇರಿ.

ಬೋರ್ಡು ಬೀರುವಿನ ಹಿಂದಿಂದ ತೆಗೆದು ಮಿಷನ್ ಮೇಲಿನ ಗೋಡೆಗೆ ಹಾಕಿದ್ದೀನಿ. ಫಾಲ್ ಹಚ್ಚೋ ರೇಟಿನ ಜಾಗ ಅದರಲ್ಲಿ ಇನ್ನೂ ಖಾಲಿ ಇದೆ. ಅದಕ್ಕೆ ಇನ್ನೊಂದು ಪುಟದಲ್ಲಿ ನಾಲ್ಕು ಗೆರೆ ಎಳೆದಿಟ್ಟಿದ್ದೀನಿ.